ತಂಪಿನ ಪಾತ್ರೆ ಊರಲ್ಲೇ ಇದೆ

ಯುಗಾದಿ ಕಳೆಯಿತೆಂದರೆ ಕಿರುಗಾವಲು ಸೀಮೆಯಲ್ಲಿ ಮದುವೆಗಳ ಸಾಲು. ಧಾರೆ ಛತ್ರದಲ್ಲೋ ಸಮುದಾಯ ಭವನದಲ್ಲೋ ಮುಗಿದರೂ ಬೀಗರೂಟ ಮಾತ್ರ ಬಯಲಿಗೇ ಬರುತ್ತದೆ. ಮನೆ ಮುಂದಿನ ಚಪ್ಪರ, ತೋಟದ ಅಂಚು, ಮಾವಿನ ತೋಪಿನ ನೆರಳು, ಇಲ್ಲವೇ ಕೊಯ್ಲು ಮುಗಿದ ಗದ್ದೆಗೆ ಹಾಕಿದ ಶಾಮಿಯಾನ. ಬಂಡೂರು ಕುರಿಯ ಸೀಮೆ ಇದು. ಒಲೆಯ ಮೇಲೆ ಏನು ಬೇಯುತ್ತಿರುತ್ತದೆಂದು ಬೇರೆ ಹೇಳಬೇಕಿಲ್ಲ. ಅಡುಗೆಯ ಲೆಕ್ಕದಲ್ಲಿ ನಮ್ಮವರು ಎಂದೂ ತಪ್ಪುವುದಿಲ್ಲ. ಐನೂರು ಜನಕ್ಕೆ ಎಷ್ಟು ಮುದ್ದೆ, ಎಷ್ಟು ಸೇರು ಅಕ್ಕಿ, ಎಷ್ಟು ಕೆ.ಜಿ. ಮಾಂಸ ಎಂಬುದು ಹಿರಿಯರ ಬಾಯಲ್ಲೇ ಇರುತ್ತದೆ. ಎಡವುವುದು ಕುಡಿಯುವುದರ ಕಡೆಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದೂವರೆಗೆ ಪಂಕ್ತಿ ಏಳುವ ಹೊತ್ತಿಗೆ ಮಜ್ಜಿಗೆ ಬಿಸಿಲಿಗೆ ಹುಳಿ ಬಂದಿರುತ್ತದೆ, ಪಾನಕ ಉಗುರುಬೆಚ್ಚಗಾಗಿರುತ್ತದೆ, ನೀರಿನ ಬಾಟಲಿ ಮುಟ್ಟಿದರೆ ಕೈ ಸುಡುತ್ತದೆ. ಕೊನೆಗೆ ಯಾರೋ ಹುಡುಗರು ಬೈಕಿನಲ್ಲಿ ಹೋಗಿ ಒಂದು ಗಡ್ಡೆ ಐಸ್ ತಂದು ಸುತ್ತಿಗೆಯಿಂದ ಒಡೆದು ಮಜ್ಜಿಗೆಯೊಳಕ್ಕೇ ಸುರಿಯುತ್ತಾರೆ.

ಆ ಐಸ್ ಎಲ್ಲಿಯದು, ಯಾವ ನೀರಿನದು, ಯಾವ ಗಾಡಿಯಲ್ಲಿ ಏನಿನ ಜೊತೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಐನೂರು ಜನರ ಪಾನೀಯವನ್ನು ತಣ್ಣಗೆ ಇಡುವುದಕ್ಕೆ ಊರಿನಲ್ಲಿ ಯಾವ ಪಾತ್ರೆ ಇದೆ?

ಶಾಮಿಯಾನದ ಅಂಗಡಿಯವರನ್ನು ಕೇಳಿದರೆ ಬರುವ ಉತ್ತರ ಹೆಚ್ಚೂಕಡಿಮೆ ಒಂದೇ. "ಅಡಿಗೆ ಪಾತ್ರೆ ಎಷ್ಟು ಬೇಕಾದ್ರೂ ಅದೆ ಕಣಣ್ಣ. ತಣ್ಣಗಿಡಕ್ಕೆ ಅಂತ ಯಾರೂ ಕೇಳಲ್ಲ." ಕೊಳದಪ್ಪಲೆ, ಬಾಂಡ್ಲಿ, ಸೌಟು, ನಲ್ಲಿ ಇರುವ ಸ್ಟೀಲ್ ಡ್ರಮ್ಮು, ಪ್ಲಾಸ್ಟಿಕ್ ಟಬ್ಬು ಇವೆಲ್ಲ ಬಾಡಿಗೆಗೆ ಸಿಗುತ್ತವೆ. ದೊಡ್ಡ ಊರಿನ ಮದುವೆಗಳಲ್ಲಿ ಕಾಣುವ ದಪ್ಪ ಗೋಡೆಯ ಐಸ್ ಪೆಟ್ಟಿಗೆಗಳು ಸಿಗುವುದಿಲ್ಲ. ಮೈಸೂರಿನಿಂದ ತರಿಸಿದರೆ ಬಾಡಿಗೆಗಿಂತ ಸಾಗಣೆಯದೇ ಹೆಚ್ಚು. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಬನ್ನೂರಿನಿಂದ ಮಳವಳ್ಳಿಗೆ ಹೋಗುವ ಈ ದಾರಿಯ ಎರಡೂ ಬದಿಯಲ್ಲಿ ಭತ್ತವಿದೆ, ಕಬ್ಬಿದೆ, ತೆಂಗಿದೆ, ಹಾಲಿನ ಡೇರಿಗಳಿವೆ. ಈ ನಾಲ್ಕು ಬೇಸಾಯಗಳ ಹಿತ್ತಿಲಲ್ಲೇ ನಮಗೆ ಬೇಕಾದದ್ದೆಲ್ಲ ಬಿದ್ದಿದೆ.

ಮೊದಲು ಐಸಿನ ಲೆಕ್ಕ. ಐನೂರು ಜನ, ತಲೆಗೆ 200 ಮಿ.ಲೀ.ನ ಎರಡು ಲೋಟ ಎಂದರೆ 200 ಲೀಟರು. 30 ಡಿಗ್ರಿಯಲ್ಲಿರುವ 200 ಲೀಟರನ್ನು 10 ಡಿಗ್ರಿಗೆ ಇಳಿಸಲು 4,000 ಕಿಲೊಕ್ಯಾಲೊರಿ ಶಾಖವನ್ನು ಹೊರಗೆಳೆಯಬೇಕು. ಒಂದು ಕಿಲೊ ಐಸ್ ಕರಗುವಾಗ 80 ಕಿಲೊಕ್ಯಾಲೊರಿ ಹೀರುತ್ತದೆ, ಕರಗಿದ ನೀರು 10 ಡಿಗ್ರಿಗೆ ಏರುವಾಗ ಇನ್ನು 10. ಅಂದರೆ ಸುಮಾರು 44 ಕೆ.ಜಿ. ಐಸ್. ಇದು ಬರೀ ಪಾನೀಯಕ್ಕೆ. ಬಿಸಿಗಾಳಿಗೆ, ಪಾತ್ರೆಯ ಮೈಗೆ, ತೆರೆದ ಬಾಯಿಗೆ ಹೋಗುವುದು ಬೇರೆ. ಪಾತ್ರೆ ಕೆಟ್ಟದಾದರೆ ಅದೇ ಇನ್ನೊಂದು ನಲವತ್ತು ಕೆ.ಜಿ. ತಿಂದುಬಿಡುತ್ತದೆ. ಹಾಗಾಗಿ ಪಾತ್ರೆ ಹುಡುಕುವಾಗ ಎಷ್ಟು ಹಿಡಿಯುತ್ತದೆ ಎಂದಷ್ಟೇ ನೋಡಿದರೆ ಸಾಲದು. ಹೊರಗಿನ ಬಿಸಿಯನ್ನು ಎಷ್ಟು ತಡೆಯುತ್ತದೆ ಎಂದು ನೋಡಬೇಕು.

ಈ ಕಣ್ಣಿನಿಂದ ಊರೊಳಗೆ ಒಂದು ಸುತ್ತು ಹಾಕಿದರೆ ಲೆಕ್ಕಾಚಾರವೇ ಬದಲಾಗುತ್ತದೆ. ಎಲ್ಲರಿಗೂ ಮೊದಲು ಹೊಳೆಯುವುದು ಹಳೇ ಮನೆಗಳ ಮುಂದಿನ ಕಲ್ಲುಬಾನಿ. ದನಕ್ಕೆ ಕಲಗಚ್ಚು ಹುಯ್ಯುತ್ತಿದ್ದ, ಈಗ ಮಳೆನೀರು ತುಂಬಿಕೊಂಡು ಕೂತಿರುವ ಬಾನಿ. ನೋಡಲು ಚೆಂದ, ಫೋಟೊಗೂ ಚೆಂದ. ಆದರೆ ಬಿಸಿಲಲ್ಲಿ ಕಾದ ಕಲ್ಲು ತನ್ನನ್ನು ತಣಿಸಿಕೊಳ್ಳುವುದಕ್ಕೇ ಐಸ್ ಬೇಡುತ್ತದೆ. ಮುನ್ನೂರು ಕಿಲೊ ತೂಗುವ ಬಾನಿ 32 ಡಿಗ್ರಿಯಿಂದ 10ಕ್ಕೆ ಇಳಿಯಬೇಕಾದರೆ ಸುಮಾರು 15 ಕೆ.ಜಿ. ಐಸ್ ಅದರ ಪಾಲಿಗೇ ಹೋಗುತ್ತದೆ. ಬಾನಿಯನ್ನೇ ಬಳಸಬೇಕೆಂದರೆ ಹಿಂದಿನ ಸಂಜೆಯೇ ನೆರಳಿಗೆ ಚಪ್ಪರ ಕಟ್ಟಿ, ರಾತ್ರಿಯಿಡೀ ಕೊಳವೆಬಾವಿಯ ನೀರು ತುಂಬಿಸಿಟ್ಟು, ಬೆಳಿಗ್ಗೆ ಆ ನೀರು ಚೆಲ್ಲಿ ಐಸ್ ಹಾಕಬೇಕು. ಹಾಗೆ ಮಾಡಿದರೆ ತಂಪನ್ನು ಸಂಜೆಯವರೆಗೂ ಹಿಡಿದಿಡುತ್ತದೆ.

ತಾಮ್ರದ ಹಂಡೆಯ ಗುಣ ಇದಕ್ಕೆ ತದ್ವಿರುದ್ಧ. ಹಗುರ, ಬೇಗ ತಣಿಯುತ್ತದೆ, ಅಷ್ಟೇ ಬೇಗ ಹೊರಗಿನ ಬಿಸಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೊರಮೈಗೆ ಒದ್ದೆ ಗೋಣಿತಾಟು ಸುತ್ತಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕಲಾಯಿ ಇಲ್ಲದ ಹಂಡೆಯಲ್ಲಿ ಮಜ್ಜಿಗೆಯನ್ನೋ ನಿಂಬೆಹಣ್ಣಿನ ಪಾನಕವನ್ನೋ ಯಾವ ಕಾರಣಕ್ಕೂ ಹಾಕಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ, ಹೊಟ್ಟೆ ಕೆಡುತ್ತದೆ. ಹಂಡೆಯೊಳಗೆ ಐಸ್ ನೀರು, ಅದರೊಳಗೆ ಬಾಟಲಿ ಎನ್ನುವುದಾದರೆ ತೊಂದರೆಯಿಲ್ಲ.

ಆಲೆಮನೆಯ ಕೊಪ್ಪರಿಗೆಯನ್ನು ಯಾರೂ ನೆನೆಯುವುದಿಲ್ಲ. ಬೆಲ್ಲ ಬೇಯಿಸುವ ಆ ಅಗಲದ ಕಬ್ಬಿಣದ ಪಾತ್ರೆ ಕೆಲಸ ನಿಂತ ಆಲೆಮನೆಗಳಲ್ಲಿ ಬೋರಲು ಬಿದ್ದಿರುತ್ತದೆ. ನಾಲ್ಕು ಜನ ಹಿಡಿದರೆ ಎತ್ತಬಹುದು. ಮಸಿಯನ್ನು ತೆಂಗಿನ ನಾರು, ಬೂದಿ ಹಾಕಿ ಉಜ್ಜಿ ತೆಗೆದು, ಕೆಳಗೆ ಒಣಹುಲ್ಲಿನ ದಪ್ಪ ಹಾಸು ಹಾಕಿ ಕೂರಿಸಿದರೆ ಬಾಟಲಿ, ಸೋಡಾ, ಮಜ್ಜಿಗೆ ಪ್ಯಾಕೆಟ್ಟುಗಳನ್ನು ರಾಶಿ ಹಾಕಲು ಅದಕ್ಕಿಂತ ಅಗಲವಾದ ಜಾಗ ಇಲ್ಲ. ನಾಲ್ಕೂ ಕಡೆಯಿಂದ ಕೈ ಹಾಕಿ ತೆಗೆದುಕೊಳ್ಳಬಹುದು, ನೂಕುನುಗ್ಗಲು ತಪ್ಪುತ್ತದೆ. ಅಗಲದ ಬಾಯಿಯೇ ಅದರ ದೋಷವೂ ಹೌದು. ಮೇಲೆ ಒದ್ದೆ ಗೋಣಿ ಹೊದಿಸದೆ ಬಿಟ್ಟರೆ ಐಸ್ ಕಣ್ಣೆದುರೇ ಇಳಿಯುತ್ತದೆ.

ಹಾಲಿನ ಕ್ಯಾನು ನನ್ನ ಮೆಚ್ಚಿನದು. ಮಂಡ್ಯ ಜಿಲ್ಲೆಯ ಹಾಲೆಲ್ಲ ಗೆಜ್ಜಲಗೆರೆಯ ಮನ್‌ಮುಲ್ ಡೇರಿಯ ದಾರಿ ಹಿಡಿಯುವಂಥದ್ದು. ಸಂಘಗಳಲ್ಲಿ ಹಾಲು ತಣಿಸುವ ಯಂತ್ರಗಳು ಬಂದ ಮೇಲೆ 40 ಲೀಟರಿನ ಹಳೇ ಕ್ಯಾನುಗಳು ಎಷ್ಟೋ ಕಡೆ ಮೂಲೆ ಸೇರಿವೆ. ಬಳಕೆಯಲ್ಲಿರುವುದನ್ನು ಮುಟ್ಟಬಾರದು, ಬೆಳಿಗ್ಗೆ ಸಂಜೆ ಹಾಲು ಹಾಕುವವರ ಹೊಟ್ಟೆಪಾಡು ಅದು. ಬಿಡುವಾಗಿರುವುದನ್ನು ಸಂಘದವರನ್ನು ಕೇಳಿ ತರಬಹುದು. ಆಹಾರಕ್ಕೆಂದೇ ಮಾಡಿದ ಲೋಹ, ಬಿಗಿಯಾದ ಮುಚ್ಚಳ, ಕಿರಿದಾದ ಕತ್ತು, ಹಿಡಿಯಲು ಎರಡು ಕಿವಿ. ಕುದಿಯುವ ನೀರಿನಿಂದ ತೊಳೆದು ಒಣಗಿಸಿ, ನೀರನ್ನೋ ಪಾನಕವನ್ನೋ ತುಂಬಿ ಮುಚ್ಚಿ, ಕೊಪ್ಪರಿಗೆಯ ಐಸ್ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿದರೆ ಐದು ಕ್ಯಾನಿಗೆ ಐನೂರು ಜನರ ಲೆಕ್ಕ ಮುಗಿಯಿತು. ಕ್ಯಾನು ಅಲ್ಯೂಮಿನಿಯಮ್ಮಿನದಾದರೆ ಹುಳಿ ಬೇಡ, ನೀರಷ್ಟೇ. ಸ್ಟೀಲಿನದಾದರೆ ಮಜ್ಜಿಗೆ, ನಿಂಬೆ ಪಾನಕ ಯಾವುದೂ ಆಗುತ್ತದೆ.

ಇನ್ನೊಂದು ಪಾತ್ರೆ ಗುಜರಿ ಅಂಗಡಿಯಲ್ಲಿದೆ. ಕೆಟ್ಟುಹೋದ ಫ್ರಿಜ್ಜು. ಅದರ ಯಂತ್ರ ಸತ್ತಿರಬಹುದು, ಗೋಡೆಯೊಳಗಿನ ನೊರೆ ಸತ್ತಿಲ್ಲ. ಬೆನ್ನು ಕೆಳಗೆ ಮಾಡಿ ಮಲಗಿಸಿದರೆ ಬಾಗಿಲೇ ಮುಚ್ಚಳವಾಗುತ್ತದೆ, ಒಳಗೆ ಐಸ್ ಹಾಕಿದರೆ ಅಂಗಡಿಯಲ್ಲಿ ಸಿಗುವ ಐಸ್ ಪೆಟ್ಟಿಗೆಗೆ ಸರಿಸಮ. ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಹಿಂದಿನ ಕೊಳವೆಗಳನ್ನು ಕತ್ತರಿಸಬಾರದು, ಒಳಗೆ ಅನಿಲ ಉಳಿದಿರಬಹುದು. ಹಳೇ ಕಾಲದ ಕೊಂಡಿ ಬಾಗಿಲಾದರೆ ಆ ಕೊಂಡಿಯನ್ನು ಮೊದಲೇ ಕಿತ್ತುಹಾಕಬೇಕು; ಮದುವೆ ಮನೆಯ ಮಕ್ಕಳು ಕಣ್ಣಾಮುಚ್ಚಾಲೆಗೆ ಎಲ್ಲಿ ಬೇಕಾದರೂ ನುಗ್ಗುತ್ತಾರೆ, ಒಳಗೆ ಸಿಕ್ಕಿಕೊಂಡರೆ ಉಸಿರಿಲ್ಲ.

ನೀಲಿ ಡ್ರಮ್ಮಿನ ವಿಷಯ ಬೇರೆ. ಪ್ರತಿ ಮನೆಯಲ್ಲೂ ನೀರು ಹಿಡಿಯಲು ಒಂದೆರಡು ಇರುತ್ತವೆ, ಕೈಗೆ ಬೇಗ ಸಿಗುವುದೂ ಅವೇ. ಅವುಗಳಲ್ಲಿ ಬಹಳಷ್ಟು ಯಾವುದೋ ಕಾರ್ಖಾನೆಯ ರಾಸಾಯನಿಕ ತುಂಬಿಕೊಂಡು ಬಂದು ಎರಡನೇ ಕೈಗೆ ಮಾರಾಟವಾದವು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕು ಹೀರಿಕೊಂಡದ್ದು ಹೋಗುವುದಿಲ್ಲ. ಅದರಲ್ಲಿ ಪಾನಕ ಕಲಸುವುದನ್ನು ಕಂಡರೆ ನನಗೆ ಊಟ ಇಳಿಯುವುದಿಲ್ಲ. ಮುಚ್ಚಿದ ಬಾಟಲಿಗಳನ್ನು ತಣಿಸಲು ಬೇಕಾದರೆ ಬಳಸಿ, ಬಾಯಿ ಒರೆಸಿ ಕೊಡಿ. ಮೀನಂಗಡಿಯ ಥರ್ಮಾಕೋಲ್ ಪೆಟ್ಟಿಗೆಗೂ ಇದೇ ಮಾತು: ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ವಾಸನೆ ಬಿಡುವುದಿಲ್ಲ. ಒಳಗೆ ಹೊಸ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಯೇ ಐಸ್ ಹಾಕಬೇಕು.

ಮಣ್ಣಿನ ಗುಡಾಣ ಉಳಿಯಿತು. ಅದು ಐಸ್ ಇಲ್ಲದೆಯೇ ಕೆಲಸ ಮಾಡುವ ಪಾತ್ರೆ. ಮಣ್ಣಿನ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಲೀಟರು ಹಾಗೆ ಆವಿಯಾಗಿ ಹೋದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ, ಏಳು ಕಿಲೊ ಐಸ್ ಕರಗಿದಷ್ಟು. ಒಣಗಾಳಿಯ ದಿನ, ಹೊರಗೆ 35 ಡಿಗ್ರಿ ಇದ್ದಾಗ ಗುಡಾಣದ ನೀರು 24-25ಕ್ಕೆ ಇಳಿಯುತ್ತದೆ. ಮೋಡ ಕವಿದು ಸೆಕೆ ಹಿಡಿದ ದಿನ ಅದು ಕೈಕೊಡುತ್ತದೆ, ಏಕೆಂದರೆ ಗಾಳಿಗೆ ಇನ್ನಷ್ಟು ತೇವ ಬೇಡವಾಗಿರುತ್ತದೆ. ಮದುವೆಗೆ ಕುಂಬಾರರ ಮನೆಯಿಂದ ಐರಣೆ ತರುವ ಶಾಸ್ತ್ರ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಅದೇ ದಿನ ಅವರಿಗೆ ನಾಲ್ಕು ದೊಡ್ಡ ಗುಡಾಣಕ್ಕೂ ಹೇಳಿದರೆ ಅವರಿಗೂ ನಾಲ್ಕು ಕಾಸು. ಹೊಸ ಗುಡಾಣವನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ಮರಳಿನ ಮೇಲೆ ಗಾಳಿ ಆಡುವ ನೆರಳಿನಲ್ಲಿ ಕೂರಿಸಬೇಕು. ಗಾಳಿ ಸುಳಿಯದ ಮೂಲೆಯಲ್ಲಿಟ್ಟರೆ ಅದೂ ಬರೀ ಪಾತ್ರೆ.

ಗುಡಾಣದ ನಿಜವಾದ ಉಪಯೋಗ ಐಸಿನ ಖರ್ಚು ಇಳಿಸುವುದರಲ್ಲಿದೆ. ಹಿಂದಿನ ರಾತ್ರಿಯೇ ಪಾನಕದ ನೀರನ್ನು ಗುಡಾಣದಲ್ಲಿ 24 ಡಿಗ್ರಿಗೆ ತಂದಿಟ್ಟುಕೊಂಡರೆ 44 ಕೆ.ಜಿ. ಐಸ್ ಬೇಕಿದ್ದ ಕಡೆ 31 ಸಾಕು.

ಎಳನೀರು ಕೊಡುವವರು ಬಹಳ ಜನ, ಮದ್ದೂರಿನ ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇರುವಾಗ ಕೊಡದಿರುವುದು ಹೇಗೆ? ಇಲ್ಲಿಯೂ ಒಂದು ಸಣ್ಣ ವಿಷಯ ತಿಳಿದಿರಬೇಕು. ಎಳನೀರಿನ ದಪ್ಪ ಸಿಪ್ಪೆ ಬಿಸಿಯನ್ನು ತಡೆಯುವ ಹಾಗೆ ತಂಪನ್ನೂ ಒಳಗೆ ಬಿಡುವುದಿಲ್ಲ. ಬಡಿಸುವ ಗಂಟೆ ಮುಂಚೆ ಐಸಿನಲ್ಲಿ ಹಾಕಿದರೆ ಸಿಪ್ಪೆಯಷ್ಟೇ ತಣ್ಣಗಾಗುತ್ತದೆ, ಐಸ್ ದಂಡ. ಪಂಪ್‌ಸೆಟ್ಟಿನ ಮುಂದಿರುವ ಸಿಮೆಂಟು ತೊಟ್ಟಿಯಲ್ಲಿ ಹಿಂದಿನ ಸಂಜೆಯೇ ಮುಳುಗಿಸಿಟ್ಟು ಮೇಲೆ ಕಲ್ಲು ಹೇರಿದರೆ, ಬೆಳಗಿನ ಹೊತ್ತಿಗೆ ಒಳಗಿನ ನೀರೂ ಅಂತರ್ಜಲದ ತಂಪಿಗೆ ಬಂದಿರುತ್ತದೆ. ಆಮೇಲೆ ನೆರಳಿನಲ್ಲಿ ತೆಂಗಿನ ಗರಿ ಮುಚ್ಚಿಟ್ಟರೆ ಮಧ್ಯಾಹ್ನದವರೆಗೂ ಆ ತಂಪು ಕದಲುವುದಿಲ್ಲ. ಕಾಯಿ ಕೆತ್ತುವುದು ಕೊಡುವಾಗಲೇ.

ಇನ್ನು ಇವೆಲ್ಲಕ್ಕಿಂತ ದೊಡ್ಡ ಪಾತ್ರೆ. ನೆಲ.

ಚಪ್ಪರದ ಹಿಂದೆ, ಮರದ ನೆರಳಲ್ಲಿ, ಓಡಾಟವಿಲ್ಲದ ಕಡೆ ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳದ ಒಂದು ಗುಂಡಿ. ತಳಕ್ಕೆ ಒಂದು ಗೇಣು ಭತ್ತದ ಹೊಟ್ಟು ಇಲ್ಲವೇ ಕಬ್ಬಿನ ಒಣ ತರಗು. ಅಂಚುಗಳಿಗೂ ಅದನ್ನೇ ಚೀಲಕ್ಕೆ ತುಂಬಿ ಒತ್ತಬೇಕು. ಅದರ ಮೇಲೆ ತೂತಿಲ್ಲದ ಟಾರ್ಪಾಲು, ಅದರೊಳಗೆ ಐಸ್, ನೀರು, ಬಾಟಲಿ, ಕ್ಯಾನು. ಮೇಲೆ ಗೋಣಿ, ಗೋಣಿಯ ಮೇಲೆ ಮತ್ತೆ ಹುಲ್ಲು. ಖರ್ಚು ಎಂದರೆ ಒಬ್ಬ ಆಳಿನ ಅರ್ಧ ದಿನ. ಅಕ್ಕಿ ಗಿರಣಿಗಳಿರುವ ಕಡೆ ಹೊಟ್ಟಿಗೆ ಬರವಿಲ್ಲ, ತರಗನ್ನಂತೂ ನಮ್ಮವರು ಗದ್ದೆಯಲ್ಲೇ ಸುಡುತ್ತಾರೆ. ಸುತ್ತ ಗಳ ಕಟ್ಟಿ, ಸಂಜೆಯಾದರೆ ದೀಪ ಹಾಕಿ, ಒಬ್ಬರನ್ನು ಕಾವಲಿಗೆ ಬಿಟ್ಟಿರಬೇಕು. ತೆರೆದ ಗುಂಡಿ, ಒಳಗೆ ನೀರು, ಸುತ್ತ ಮಕ್ಕಳು ಎಂಬುದನ್ನು ಮರೆಯುವ ಹಾಗಿಲ್ಲ.

ಈ ಗುಂಡಿ ಹೊಸ ಉಪಾಯವೇನಲ್ಲ. ಸರ್ ರಾಬರ್ಟ್ ಬಾರ್ಕರ್ ಎಂಬ ಕಂಪನಿ ಸೇನೆಯ ಅಧಿಕಾರಿ ಅಲಹಾಬಾದಿನಲ್ಲಿ ಐಸ್ ಮಾಡುವುದನ್ನು ಕಂಡು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾನೆ. ಬಯಲಿನಲ್ಲಿ ಮೂವತ್ತಡಿ ಚೌಕದ, ಎರಡಡಿ ಆಳದ ಗುಂಡಿಗಳು; ತಳಕ್ಕೆ ಎಂಟಂಗುಲದಿಂದ ಒಂದಡಿಯವರೆಗೆ ಒಣಗಿದ ಕಬ್ಬಿನ ಜಲ್ಲೆ ಅಥವಾ ಜೋಳದ ದಂಟಿನ ಹಾಸು; ಅದರ ಮೇಲೆ ಸಾಲಾಗಿ ಮಣ್ಣಿನ ತೆಳು ತಟ್ಟೆಗಳು. ಚಳಿಗಾಲದ ಸಂಜೆ ಕಾಯಿಸಿ ಆರಿಸಿದ ನೀರು ತುಂಬಿಟ್ಟರೆ ಸೂರ್ಯ ಹುಟ್ಟುವ ಮೊದಲು ಐಸ್ ಕಟ್ಟಿರುತ್ತಿತ್ತು. ನೆಲದ ಬಿಸಿ ಮೇಲೇರದಂತೆ ಕಬ್ಬು ತಡೆಯುತ್ತಿತ್ತು, ತಟ್ಟೆಯ ಶಾಖ ತಿಳಿಯಾದ ಆಕಾಶಕ್ಕೆ ಹೋಗುತ್ತಿತ್ತು. ಏಪ್ರಿಲ್ಲಿನ ಕಿರುಗಾವಲಿನಲ್ಲಿ ನೀರು ತಾನಾಗಿ ಹೆಪ್ಪುಗಟ್ಟುವುದಿಲ್ಲ, ಸರಿ. ಆದರೆ ಕಬ್ಬಿನ ಹಾಸು ಅಲ್ಲಿ ಮಾಡಿದ ಕೆಲಸವನ್ನೇ ಇಲ್ಲೂ ಮಾಡುತ್ತದೆ.

ಹೊಟ್ಟಿನ ಮೇಲೆ ಅನುಮಾನವಿರುವವರು ಇನ್ನೊಂದು ಕಥೆ ಕೇಳಬೇಕು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಟಸ್ಕನಿ ಎಂಬ ಹಡಗಿನಲ್ಲಿ ಅಮೆರಿಕದ ಕೆರೆಗಳ ಐಸನ್ನು ಕಲ್ಕತ್ತೆಗೆ ಕಳಿಸಿದ. ಹೊರಟಾಗ 180 ಟನ್. ನಾಲ್ಕು ತಿಂಗಳು ಉಷ್ಣವಲಯದ ಕಡಲನ್ನು ದಾಟಿ ಬಂದಾಗ ಸುಮಾರು 100 ಟನ್ ಉಳಿದಿತ್ತು. ಆ ಕಾಲದಲ್ಲಿ ಫ್ರಿಜ್ಜಿಲ್ಲ, ಥರ್ಮಾಕೋಲ್ ಇಲ್ಲ; ಹಾಗೆ ಸಾಗಿಸುವ ಐಸನ್ನು ಕಾಪಾಡುತ್ತಿದ್ದುದು ಮರದ ಪುಡಿ, ಹುಲ್ಲಿನಂಥವು. ಮದರಾಸಿನ ಕಡಲ ದಂಡೆಯ ಐಸ್ ಹೌಸ್ 1842ರಲ್ಲಿ ಕಟ್ಟಿದ್ದು ಆ ಐಸಿಗಾಗಿಯೇ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದು ಅದೇ ಕಟ್ಟಡದಲ್ಲಿ. ಮರದ ಪುಡಿ ಮಾಡುವ ಕೆಲಸವನ್ನು ಭತ್ತದ ಹೊಟ್ಟೂ ಮಾಡುತ್ತದೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬಿಸಿಯನ್ನು ತಡೆಯುವುದು. ಒಂದೇ ಷರತ್ತು, ಹೊಟ್ಟು ಒಣಗಿರಬೇಕು; ನೆಂದ ಹೊಟ್ಟು ಬಿಸಿಯನ್ನು ಸಲೀಸಾಗಿ ಒಳಗೆ ದಾಟಿಸುತ್ತದೆ. ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನೂ ನೂರಕ್ಕೂ ಹೆಚ್ಚು ಮಾವಿನ ತಳಿಗಳನ್ನೂ ಉಳಿಸಿಕೊಂಡು ಬಂದಿರುವ ಊರು ಇದು. ಭತ್ತದ ಹೊಟ್ಟು, ಮಾವಿನ ನೆರಳು, ಮಾವಿನಕಾಯಿಯ ಪಾನಕ ಮೂರೂ ಒಂದೇ ಕಡೆ ಸಿಗುವಾಗ ಹೊರಗಿನ ಪೆಟ್ಟಿಗೆಗೆ ಕಾಯುವುದೇಕೆ?

ಗುಂಡಿಗೋ ಕೊಪ್ಪರಿಗೆಗೋ ಬರೀ ಐಸ್ ಚೂರು ಸುರಿದು ಬಾಟಲಿ ಹೂಳುವುದು ಎಲ್ಲರೂ ಮಾಡುವ ಕೆಲಸ. ಚೂರುಗಳು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ತಾಗುತ್ತವೆ, ಮಿಕ್ಕದ್ದೆಲ್ಲ ಗಾಳಿ. ಐಸ್ ಮುಳುಗುವಷ್ಟು ನೀರು ಹಾಕಿದರೆ ಬಾಟಲಿಯ ಮೈಗೆಲ್ಲ ತಂಪು ತಾಗಿ ಅರ್ಧ ಗಂಟೆಯೊಳಗೆ ಕೆಲಸ ಆಗುತ್ತದೆ. ಕರಗಿದ ನೀರನ್ನು ಚೆಲ್ಲುವುದೂ ತಪ್ಪು; ಐಸ್ ತೇಲುತ್ತಿರುವವರೆಗೆ ಆ ನೀರು ಸೊನ್ನೆಯ ಹತ್ತಿರವೇ ಇರುತ್ತದೆ. ಆತುರವಿದ್ದರೆ ನಾಲ್ಕೈದು ಹಿಡಿ ಕಲ್ಲುಪ್ಪು ಹಾಕಿ ಕಲಕಬಹುದು, ನೀರಿನ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗೋಲಿ ಸೋಡಾ, ಗಾಜಿನ ಬಾಟಲಿಗಳಿದ್ದರೆ ಮಾತ್ರ ಉಪ್ಪು ಬೇಡ. ಒಳಗಿನದು ಹೆಪ್ಪುಗಟ್ಟಿ ಗಾಜು ಸಿಡಿಯಬಹುದು.

ಮೊದಲ ಮಾತಿಗೆ ಬರುತ್ತೇನೆ. ಐಸ್ ಪಾತ್ರೆಯಲ್ಲಿರಲಿ, ಲೋಟದೊಳಗೆ ಬೇಡ. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ, ಅದು ಸುಳ್ಳು. ಕಾಮಾಲೆ, ವಿಷಮಶೀತಜ್ವರ, ವಾಂತಿಭೇದಿಯ ರೋಗಾಣುಗಳು ಐಸಿನಲ್ಲಿ ಬದುಕಿರುತ್ತವೆ, ಕರಗಿದ ಕೂಡಲೇ ಮಜ್ಜಿಗೆಗೆ ಇಳಿಯುತ್ತವೆ. ಮೀನು, ಸರಕು ತಣಿಸಲು ಮಾಡುವ ಐಸಿಗೆ ಕುಡಿಯುವ ನೀರನ್ನೇ ಬಳಸಿರುತ್ತಾರೆಂಬ ಖಾತ್ರಿಯಿಲ್ಲ. ಮಹಾರಾಷ್ಟ್ರದಲ್ಲಿ 2018ರಲ್ಲಿ, ತಿನ್ನಲಾಗದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆದೇಶ ಮಾಡಿದ್ದು ಈ ಗೊಂದಲ ತಪ್ಪಿಸಲೆಂದೇ. ಅಕ್ಬರನ ಅರಮನೆಯಲ್ಲೂ ಕುಡಿಯುವ ನೀರು ಒಂದು ಪಾತ್ರೆಯೊಳಗೆ, ಅದನ್ನು ತಣಿಸುವ ಪೆಟ್ಲುಪ್ಪಿನ ನೀರು ಹೊರಗೆ ಇರುತ್ತಿತ್ತೆಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಸ್ಟೀಲ್ ಕ್ಯಾನಿನೊಳಗೆ ಮಜ್ಜಿಗೆ, ಹೊರಗೆ ಐಸ್ ನೀರು ಎಂದರೆ ಅದೇ ಏರ್ಪಾಡು. ತೋಡಿಕೊಡಲು ಉದ್ದ ಹಿಡಿಯ ಸೌಟು ಇರಲಿ. ಲೋಟವನ್ನು ಕೈಸಮೇತ ಅದ್ದುವುದನ್ನು ಯಾರಿಗೂ ಬಿಡಬೇಡಿ.

ಇದರಿಂದ ಆಗುವ ಇನ್ನೊಂದು ಲಾಭವನ್ನೂ ಹೇಳಲೇಬೇಕು. ಕ್ಯಾನಿನಲ್ಲಿ ತಣ್ಣನೆಯ ನೀರು ಸಿಕ್ಕಿದರೆ ಎಲೆಯ ಪಕ್ಕ ಪುಟಾಣಿ ಬಾಟಲಿ ಇಡುವ ಅಗತ್ಯವೇ ಬೀಳುವುದಿಲ್ಲ. ಪ್ಲಾಸ್ಟಿಕ್ ಲೋಟ, ತಟ್ಟೆಗಳನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ಆದರೂ ಬೀಗರೂಟದ ಮರುದಿನ ನಾಲೆಯ ಏರಿಯ ಮೇಲೆ ಏನು ಬಿದ್ದಿರುತ್ತದೆಂದು ಆ ಕಡೆ ದನ ಹೊಡೆಯುವವರನ್ನು ಕೇಳಿ.

ಊಟ ಮುಗಿದ ಮೇಲೆ ಉಪ್ಪು ಬೆರೆಸದ ನೀರನ್ನು ಬಾಳೆಯ ಬುಡಕ್ಕೆ ಬಿಡಬಹುದು. ಉಪ್ಪು ಹಾಕಿದ್ದನ್ನು ಗದ್ದೆಗೂ ತೆಂಗಿನ ಪಾತಿಗೂ ಬಿಡಬಾರದು. ಹೊಟ್ಟನ್ನು ಕೊಟ್ಟಿಗೆಗೆ ಹಾಸಿ, ಗುಂಡಿಯನ್ನು ಅಂದೇ ಮುಚ್ಚಬೇಕು. ಕ್ಯಾನು, ಹಂಡೆ, ಕೊಪ್ಪರಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸಂಜೆಯೊಳಗೆ ವಾಪಸು ಕಳಿಸಿಬಿಡುವುದು ಒಳ್ಳೆಯದು. ವೈಶಾಖದ ಲಗ್ನಗಳ ನಡುವೆ ಮರುದಿನ ಬೆಳಿಗ್ಗೆಗೇ ಅವು ಇನ್ನೊಂದು ಮನೆಗೆ ಬೇಕಾಗಿರುತ್ತವೆ.